ಉಪ್ಪುನೀರಿನ ಈಜುಕೊಳದಲ್ಲೂ ಪಾಚಿ ಏಕೆ?

ಗೋವೆಯ ಹೋಟೆಲುಗಳಲ್ಲಿರುವಂತಹ ಉಪ್ಪುನೀರಿನ ಈಜುಕೊಳಗಳಲ್ಲಿ ಪಾಚಿ ಕಟ್ಟದೆಂಬ ನಂಬಿಕೆ ಸರಿಯಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಈ ಕೊಳಗಳಲ್ಲಿರುವುದು ಸಾಮಾನ್ಯವಾಗಿ 3ರಿಂದ 4 ಗ್ರಾಂ ಮಾತ್ರ. ಪಾಚಿಯನ್ನು ಕೊಲ್ಲುವುದು ಉಪ್ಪಲ್ಲ. ಯಂತ್ರದಲ್ಲಿ ವಿದ್ಯುತ್ ಹರಿದಾಗ ಆ ಉಪ್ಪಿನಿಂದ ಹುಟ್ಟುವ ಕ್ಲೋರಿನ್. ಪಂಪು ನಿಂತರೆ ಅದರ ಉತ್ಪತ್ತಿಯೂ ನಿಲ್ಲುತ್ತದೆ. ಬಿಸಿಲು ಕ್ಲೋರಿನ್ನನ್ನು ನಾಶಗೊಳಿಸುತ್ತದೆ; ಮಳೆ ಉಪ್ಪಿನಂಶವನ್ನು ತಗ್ಗಿಸುತ್ತದೆ; ನೀರಿನ ಪಿಎಚ್ ಏರಿದರೆ ಕ್ಲೋರಿನ್ನಿನ ಶಕ್ತಿ ಕುಗ್ಗುತ್ತದೆ.

ಆದ್ದರಿಂದ ಕೊಳ ನೋಡಿಕೊಳ್ಳುವ ನಮ್ಮ ಬಂಧುಗಳು ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ 7.2ರಿಂದ 7.6 ಇರುವಂತೆ ದಿನವೂ ಪರೀಕ್ಷಿಸಬೇಕು. ಜೋರುಮಳೆಯ ಬಳಿಕ ಉಪ್ಪಿನಂಶವನ್ನು ಅಳೆಯಬೇಕು. ಗೋಡೆ, ಮೆಟ್ಟಿಲುಗಳನ್ನು ವಾರಕ್ಕೊಮ್ಮೆಯಾದರೂ ಉಜ್ಜಬೇಕು. ಪಾಚಿಗಟ್ಟಿದ ಮೆಟ್ಟಿಲು ಜಾರುತ್ತದೆ. ಹಸಿರುಗಟ್ಟಿದ ನೀರಿನಲ್ಲಿ ಮುಳುಗಿದ ಮಗು ಕಾಣಿಸದು. ತಳ ಕಾಣದ ಕೊಳಕ್ಕೆ ಮಕ್ಕಳನ್ನು ಇಳಿಸಬಾರದೆಂದು ಪಾಲಕರಲ್ಲಿ ನಾವು ವಿನಂತಿಸುತ್ತೇವೆ.