ಕೊಂಡಿ ಇಲ್ಲದ್ದು ಇಳಕಲ್ ಸೀರೆ ಹ್ಯಾಗಾದೀತು?

‘ಕೈಮಗ್ಗದ್ದ ಐತ್ರಿ ಅಕ್ಕಾರ, ಕಣ್ಣು ಮುಚ್ಚಿ ಒಯ್ರಿ!’

ಯಾವ ಊರ ಪೇಟೆಗೆ ಹೋದರೂ ಈ ಮಾತು ಪುಕ್ಕಟೆ. ಕಣ್ಣು ಮುಚ್ಚಿ ಒಯ್ದರೆ ಕೆಟ್ಟಿರಿ. ಇಳಕಲ್ ಸೀರೆ ಕೊಳ್ಳುವವರು ಕಣ್ಣು ಬಿಟ್ಟು, ಸೀರೆ ತಿರುವಿ, ಒಡಲೂ ಸೆರಗೂ ಕೂಡುವ ಜಾಗ ನೋಡಬೇಕು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಗುಟ್ಟು ಇರುವುದೇ ಅಲ್ಲಿ. ಒಡಲಿನ ಹಾಸು ಹೆಚ್ಚಾಗಿ ಹತ್ತಿ. ಸೆರಗಿನ ಹಾಸು ರೇಷ್ಮೆ ಇಲ್ಲವೆ ಆರ್ಟ್ ಸಿಲ್ಕ್. ಈ ಎರಡನ್ನೂ ಹೊಲಿಯುವುದಿಲ್ಲ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಸಿಕ್ಕಿಸುತ್ತಾರೆ. ಎಳೆ ಎಳೆಗೂ ಇದೇ ಕೆಲಸ. ಇದಕ್ಕೇ ಕೊಂಡಿ ಅಂತಾರೆ. ಹೀಗಾಗಿ ಒಂದೊಂದು ಸೀರೆಗೂ ಬೇರೆ ಹಾಸು ಹೂಡಬೇಕು. ಮನೆಯ ಹೆಣ್ಣುಮಕ್ಕಳ ಕೈ ಬೀಳದೆ ಮಗ್ಗ ನಡೆಯುವುದಿಲ್ಲ. ಕೊನೆಗೆ ಕೆಂಪು ಸೆರಗಿನ ಮೇಲೆ ಬಿಳಿ ತೋಪ್ ತೆನಿ: ಹಣಿಗೆ, ಜೋಳದ ತೆನೆ, ಕೋಟೆ ಗೋಡೆ.

ಪವರ್‌ಲೂಮಿಗೆ ಈ ಪುರುಸೊತ್ತೆಲ್ಲಿ? ಒಂದೇ ಹಾಸು ಈ ತುದಿಯಿಂದ ಆ ತುದಿಗೆ ಓಡಿಸಿದರೆ ಮುಗೀತು. ದೂರದಿಂದ ಎರಡೂ ಒಂದೇ. ರೇಟು ಮಾತ್ರ ಬೇರೆ. ಪಾಪ, ಪೆಟ್ಟು ಬೀಳುವುದು ಕೊಂಡಿ ಹಾಕಿದ ಕೈಗೆ.

ದಾಳಿಂಬೆ ಕಥೆ

ಇನ್ನು ಬಣ್ಣ. ‘ದಾಳಿಂಬೆ ಕೆಂಪು, ಹಣ್ಣಿನದೇ ಬಣ್ಣ’ ಅಂದರೆ ನಂಬಬೇಡಿ. ಅದು ಬಣ್ಣದ ಹೆಸರಷ್ಟೆ. ದಾಳಿಂಬೆ ಸಿಪ್ಪೆ ಕುದಿಸಿದರೆ ಬರುವುದು ಹಳದಿ! ಗಿಡಮೂಲದ ಕೆಂಪು ಬೇಕಾದರೆ ಮಂಜಿಷ್ಠದ ಬೇರು ಬೇಕು. ಅರಗಿನಿಂದಲೂ ಕೆಂಪು ತೆಗೆಯುತ್ತಾರೆ. ಬಣ್ಣ ಕಚ್ಚಲು ಪಟಿಕ ಬೇಕು. 1897ರಲ್ಲಿ ಜರ್ಮನಿಯ ಕಂಪನಿಯೊಂದು ಕೃತಕ ನೀಲಿ ಮಾರಾಟಕ್ಕೆ ಬಿಟ್ಟ ಮೇಲೆ ನೀಲಿ ಗಿಡದ ಬೇಸಾಯವೇ ನೆಲ ಕಚ್ಚಿತು. ಇವತ್ತು ಬಹುಪಾಲು ನೂಲಿಗೆ ರಾಸಾಯನಿಕ ಬಣ್ಣವೇ. ಅದರಲ್ಲಿ ತಪ್ಪೇನಿಲ್ಲ. ಅದನ್ನೇ ಗಿಡಮೂಲದ್ದು ಅಂತ ಹೇಳಿ ದುಡ್ಡು ಕೀಳುವುದು ತಪ್ಪು.

ಸುಟ್ಟು ನೋಡಿ

ಆರ್ಟ್ ಸಿಲ್ಕ್ ಅಂದರೆ ಹೆಸರಲ್ಲಿ ಸಿಲ್ಕು, ಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಕುಚ್ಚಿನ ಒಂದೆಳೆ ಕೇಳಿ ಪಡೆದು ಕಡ್ಡಿ ಗೀರಿ. ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಪುಡಿಯಾಗುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಚೀಟಿ ಕೇಳಿ, ನಾಚಿಕೆ ಬೇಡ.

ಅಂಗಡಿಯವರಿಗೂ ಒಂದು ಮಾತು. ಪವರ್‌ಲೂಮ್ ಸೀರೆ ಮಾರಿ, ಯಾರೂ ಬೇಡ ಅನ್ನಲ್ಲ. ಅದರ ಹೆಸರಲ್ಲೇ, ಅದರ ರೇಟಲ್ಲೇ ಮಾರಿ. ಕೊಂಡಿ ಹಾಕದೆ ಕೊಂಡಿಯ ಕೂಲಿ ತಿನ್ನಬೇಡಿ.