ಹಲವು ನಾದಗಳ ಗಿಟಾರ್ ಮತ್ತು ಭಕ್ತಸಭೆಯ ಗಾನ

ಒಂದೇ ಬಲಿಪೂಜೆಯಲ್ಲಿ ಪ್ರವೇಶಗೀತೆಗೆ ಉಲ್ಲಾಸವೂ ಕಾಣಿಕೆಗೀತೆಗೆ ಸೌಮ್ಯತೆಯೂ ಪರಮಪ್ರಸಾದ ಸ್ವೀಕಾರದ ವೇಳೆ ಅಂತರ್ಮುಖತೆಯೂ ಬೇಕಾಗುತ್ತವೆ. ಗೀತೆಗೊಂದು ವಾದ್ಯವನ್ನು ಬದಲಿಸುತ್ತಿದ್ದರೆ ಆರಾಧನೆಯ ಓಘಕ್ಕೆ ಭಂಗ ಬರುತ್ತದೆ. ಆದುದರಿಂದ ಹಲವು ಬಗೆಯ ನಾದವನ್ನು ನೀಡಬಲ್ಲ ಒಂದೇ ಎಲೆಕ್ಟ್ರಿಕ್ ಗಿಟಾರನ್ನು ಗಾನವೃಂದವು ನೆಚ್ಚಿಕೊಳ್ಳುವುದು ಸಹಜ. ಇದು ಕೇವಲ ಅನುಕೂಲದ ವಿಷಯವಲ್ಲ. ದೈವಾರಾಧನೆಯ ದೃಷ್ಟಿಯಿಂದಲೂ ವಿವೇಚಿಸತಕ್ಕದ್ದೆಂದು ನಾವು ಭಾವಿಸುತ್ತೇವೆ.

ಮೊದಲು ವಾದ್ಯದ ರಚನೆಯನ್ನು ಗಮನಿಸೋಣ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಪಿಕಪ್. ಒಂದೇ ಸುರುಳಿಯುಳ್ಳ 'ಸಿಂಗಲ್ ಕಾಯಿಲ್' ತಿಳಿಯಾದ ನಾದ ಕೊಡುತ್ತದೆ. ಆದರೆ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಸೆಳೆದುಕೊಳ್ಳುತ್ತದೆ. 'ಹಂಬಕರ್'ನ ಎರಡು ಸುರುಳಿಗಳು ಆ ಸದ್ದನ್ನು ಪರಸ್ಪರ ಅಳಿಸುತ್ತವೆ. ಅದರ ನಾದ ತುಂಬಿದುದು. ಎರಡು ಸಿಂಗಲ್ ಕಾಯಿಲ್ ಹಾಗೂ ಒಂದು ಹಂಬಕರ್ ಇರುವ ಗಿಟಾರಿನಲ್ಲಿ 5 ಸ್ಥಾನಗಳ ಸ್ವಿಚ್ಚು ಇವನ್ನು ಬಿಡಿಯಾಗಿಯೂ ಜೋಡಿಯಾಗಿಯೂ ಆರಿಸಿಕೊಡುತ್ತದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ದೈವಾರಾಧನಾ ಸಂವಿಧಾನದ 120ನೆಯ ಪರಿಚ್ಛೇದವು ಪೈಪ್ ಆರ್ಗನ್‌ಗೆ ಗೌರವಸ್ಥಾನವಿತ್ತು, ಅಧಿಕಾರವುಳ್ಳವರ ಸಮ್ಮತಿಯೊಡನೆ ಇತರ ವಾದ್ಯಗಳಿಗೂ ಎಡೆ ಮಾಡಿಕೊಡುತ್ತದೆ. ಅವು ಪವಿತ್ರ ಬಳಕೆಗೆ ಒಗ್ಗಬೇಕು, ದೇವಾಲಯದ ಘನತೆಗೆ ಹೊಂದಬೇಕು, ಭಕ್ತರ ಆತ್ಮೋನ್ನತಿಗೆ ನೆರವಾಗಬೇಕು. 1967ರ 'ಮೂಸಿಕಾಮ್ ಸಾಕ್ರಾಮ್' ಇನ್ನೂ ಸ್ಪಷ್ಟವಾಗಿದೆ: ವಾದ್ಯವು ಕಂಠಗಳಿಗೆ ಆಸರೆಯಾಗಬೇಕೇ ಹೊರತು ಗೀತೆಯ ಪದಗಳನ್ನು ಮುಚ್ಚಬಾರದು, ಗುರುವು ತನ್ನ ಪಾಲಿನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುವಾಗ ವಾದ್ಯಗಳು ಮೌನವಾಗಿರಬೇಕು. ನಾವು ಪರಮಪ್ರಸಾದ ಪ್ರಾರ್ಥನೆಯನ್ನು ಹೇಳುವಾಗ ಹಿನ್ನೆಲೆಯಲ್ಲಿ ಗಿಟಾರ್ ಮೆಲ್ಲನೆ ಮಿಡಿಯುತ್ತಿದ್ದುದುಂಟು. ಅದು ನಮಗೂ ಇಂಪೆನಿಸಿತ್ತು. ಆದರೂ ಅದು ಸಲ್ಲದು.

ಎಲ್ಲ ನಾದಗಳೂ ಬೆರಳಂಚಿನಲ್ಲಿರುವಾಗ ಎಲ್ಲವನ್ನೂ ನುಡಿಸುವ ಆಸೆ ಹುಟ್ಟುತ್ತದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೆಯ ಅಧ್ಯಾಯದಲ್ಲಿ ತಾವು ಎಲ್ಲರಿಗೂ ತಕ್ಕವರಾದುದನ್ನು ಹೇಳುವ ಮೊದಲು, ಎಲ್ಲರಿಗೂ ದಾಸರಾದುದನ್ನು ಹೇಳುತ್ತಾರೆ. ಈ ಕ್ರಮ ವಾದಕನಿಗೂ ಅನ್ವಯಿಸುತ್ತದೆ: ಬಹುರೂಪತೆ ದಾಸತ್ವದಿಂದ ಹುಟ್ಟಿದಾಗ ಮಾತ್ರ ಅದು ಸೇವೆ.

ಆದುದರಿಂದ ಅಭ್ಯಾಸದ ವೇಳೆ ಒಬ್ಬರು ಕೊನೆಯ ಬೆಂಚಿನಲ್ಲಿ ಕುಳಿತು ಆಲಿಸಲಿ. ಪದಗಳು ಕೇಳಿಸದಿದ್ದರೆ ಪಿಕಪ್ ಬದಲಿಸುವ ಮುನ್ನ ಧ್ವನಿಮಟ್ಟವನ್ನು ತಗ್ಗಿಸಬೇಕು. ಒಂದು ಚರಣವನ್ನಾದರೂ ಗಿಟಾರಿಲ್ಲದೆ ಸಭೆಯೇ ಹಾಡಲಿ. ಆಗಲೂ ಗಾನವು ನಿಲ್ಲದಿದ್ದರೆ, ಆ ಗಿಟಾರ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆಯೆಂದು ತಿಳಿಯಬಹುದು.