ಹೆಚ್ಚಿನ ಶಾಖ ಎಲ್ಲಿಂದ ಬಂದಿತು?

ನವನಗರದ ಅಂಗಡಿಯೊಂದರಲ್ಲಿ ರಾತ್ರಿ ಗಲ್ಲಾ ಎಣಿಸಿದಾಗ ಲೆಕ್ಕಕ್ಕಿಂತ 31 ರೂಪಾಯಿ ಹೆಚ್ಚಿದ್ದರೆ, ಹಣ ತಾನಾಗಿ ಹುಟ್ಟಿತೆಂದು ಅಂಗಡಿಯವರು ಭಾವಿಸುವುದಿಲ್ಲ. ಬರೆಯಲು ಮರೆತ ಜಮೆಯನ್ನು ಹುಡುಕುತ್ತಾರೆ. "ಹೆಚ್ಚಿನ ಶಾಖ" ದೊರೆಯಿತೆಂಬ ವರದಿಗಳನ್ನೂ ನಾವು ಹೀಗೆಯೇ ಪರಿಶೀಲಿಸಬೇಕು.

1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೈಶ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಎಂಬ ರಸಾಯನಶಾಸ್ತ್ರಜ್ಞರು ಸೋಜಿಗದ ಸುದ್ದಿಯೊಂದನ್ನು ಸಾರಿದರು. ಹೈಡ್ರೋಜನ್ನಿನ ಭಾರವಾದ ರೂಪವೇ ಡ್ಯುಟೀರಿಯಂ. ಅದರಿಂದಾದ ನೀರು ಭಾರಜಲ. ಈ ಭಾರಜಲದಲ್ಲಿ ಪಲ್ಲಾಡಿಯಂ ಲೋಹದ ಕಡ್ಡಿಯನ್ನಿಟ್ಟು ವಿದ್ಯುತ್ತನ್ನು ಹರಿಸಿದಾಗ, ಕೊಟ್ಟ ಶಕ್ತಿಗಿಂತ ಹೆಚ್ಚು ಶಾಖ ಹೊರಬಿದ್ದಿತೆಂದೂ, ಡ್ಯುಟೀರಿಯಂ ಪರಮಾಣುಗಳ ಬೀಜಗಳು ಲೋಹದೊಳಗೆ ಸಮ್ಮಿಲನಗೊಳ್ಳುವುದೇ ಅದಕ್ಕೆ ಕಾರಣವೆಂದೂ ಅವರು ವಾದಿಸಿದರು. ಅದೇ ವರ್ಷ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿಯೂ, ನಿರ್ದೇಶಕರಾಗಿದ್ದ ಪಿ. ಕೆ. ಅಯ್ಯಂಗಾರ್ ಅವರ ನೇತೃತ್ವದಲ್ಲಿ ಪ್ರಯೋಗಗಳು ನಡೆದು, ನ್ಯೂಟ್ರಾನ್ ಹಾಗೂ ಟ್ರಿಟಿಯಂ ಕಂಡುಬಂದವೆಂದು ವರದಿಯಾಯಿತು.

ಹೆಚ್ಚಿನ ಶಾಖವೆಂಬುದು ಕಳೆಯುವ ಲೆಕ್ಕದ ಶೇಷ. ಕೋಶವೊಂದಕ್ಕೆ 5 ವೋಲ್ಟ್ ಒತ್ತಡದಲ್ಲಿ 0.2 ಆಂಪಿಯರ್ ವಿದ್ಯುತ್ ಹರಿದರೆ ಒಳಹೋಗುವುದು 1 ವಾಟ್. ಅದರಲ್ಲಿ ಸುಮಾರು 0.31 ವಾಟ್ ಭಾರಜಲವನ್ನು ಒಡೆಯಲು ವ್ಯಯವಾಗಿ, ಹೊರಹೋಗುವ ಅನಿಲಗಳಲ್ಲಿ ಅಡಗಿರುತ್ತದೆ, ಶಾಖವಾಗುವುದು 0.69 ವಾಟ್ ಮಾತ್ರ. ಆದರೆ ಆ ಅನಿಲಗಳು ಕೋಶದೊಳಗೇ ಮತ್ತೆ ಕೂಡಿ ನೀರಾದರೆ, 0.31 ವಾಟೂ ಶಾಖವಾಗಿ ಮರಳುತ್ತದೆ. ಇದನ್ನು ಗಮನಿಸದ ಪ್ರಯೋಗಕಾರನ ಲೆಕ್ಕದಲ್ಲಿ ನೂರಕ್ಕೆ 45ರಷ್ಟು ಹೆಚ್ಚಿನ ಶಾಖ ಕಾಣಿಸಿಕೊಳ್ಳುವುದು! ಹೊರಬಂದ ಅನಿಲದ ಗಾತ್ರವನ್ನು ಅಳೆದರೆ ಈ ಸಂದೇಹ ನಿವಾರಣೆಯಾಗುತ್ತದೆ.

ಇನ್ನೊಂದು ಪರೀಕ್ಷೆಯೂ ಉಂಟು. ನಮಗೆ ತಿಳಿದಿರುವ ಬಗೆಯ ಸಮ್ಮಿಲನದಿಂದ 1 ವಾಟ್ ಶಾಖ ಬಂದಿದ್ದರೆ, ಸೆಕೆಂಡಿಗೆ ಸುಮಾರು 80,000 ಕೋಟಿ ನ್ಯೂಟ್ರಾನುಗಳು ಹೊಮ್ಮಬೇಕಾಗಿತ್ತು. ರಕ್ಷಣೆಯಿಲ್ಲದೆ ಬಳಿಯಲ್ಲಿ ನಿಂತವರ ಪ್ರಾಣಕ್ಕೇ ಅಪಾಯವಾಗುತ್ತಿತ್ತು. ಇದು ಹೊಸ ಬಗೆಯ ಕ್ರಿಯೆಯೆನ್ನುವವರು, ಆ ಶಕ್ತಿ ಯಾವ ದಾರಿಯಿಂದ ಹೊರಬಂದಿತೆಂಬುದನ್ನು ತೋರಿಸಬೇಕು.

ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. 2015ರ ಫೆಬ್ರವರಿಯಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆ ಈ ವಿಷಯಕ್ಕೆ ವಿಶೇಷ ವಿಭಾಗವನ್ನೇ ಮೀಸಲಿಟ್ಟಿತು. ಗೂಗಲ್ ಕಂಪನಿಯ ಧನಸಹಾಯದಿಂದ ಹಲವು ಪ್ರಯೋಗಶಾಲೆಗಳು ನಡೆಸಿದ ಶೋಧನೆಯ ವರದಿ 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂತಹ ಸಮ್ಮಿಲನಕ್ಕೆ ಸಾಕ್ಷ್ಯ ಅವರಿಗೆ ದೊರೆಯಲಿಲ್ಲ.

ಹಾಗಾದರೆ ನಾವು ಯಾರನ್ನು ನಂಬಬೇಕು? ಹೆಸರನ್ನಲ್ಲ, ಲೆಕ್ಕವನ್ನು. ಒಳಹೋದುದೆಷ್ಟು, ಹೊರಬಂದುದೆಷ್ಟು, ಅಳತೆಯ ದೋಷವೆಷ್ಟು, ಸಾದಾ ನೀರಿನಲ್ಲಿ ಏನಾಯಿತು, ಬೇರೆಯವರ ಕೈಯಲ್ಲಿಯೂ ಅದೇ ಫಲ ಬಂದಿತೇ? ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಜಮೆಯ ಪುಸ್ತಕವನ್ನು ನಾವು ಮುಚ್ಚಲಾಗದು.